ಜ್ವರ ಬಿಟ್ಟರೂ ಬಿಡದ ನೋವು: ಚಿಕುನ್‌ಗುನ್ಯಾ ಮತ್ತು ನಮ್ಮ ಹಿರಿಯರು



ಗೋವಿಂದರಾಜನಗರದ ನಮ್ಮ ಮಸೀದಿಯಲ್ಲಿ ಎರಡು ಜುಮಾ ದಿನ ರೋಗಿಯ ನಮಾಜ್ ಮತ್ತು ರೋಗಿಯ ಹಕ್ಕುಗಳ ಕುರಿತು ಬಯಾನ್ ಮಾಡಿದ್ದೆ. ನಮಾಜ್ ಮುಗಿದ ಮೇಲೆ ಹಿರಿಯರು ಕೇಳಿದ ಪ್ರಶ್ನೆಗಳು ಬಯಾನ್‌ಗಿಂತ ಉದ್ದವಾದವು. ಹೆಚ್ಚಿನವು ಒಂದೇ ಕಾಯಿಲೆಯ ಸುತ್ತ ಇದ್ದವು. ಜ್ವರ ಬಂದು ಹೋಗಿ ಎರಡು ಮೂರು ತಿಂಗಳಾಗಿದೆ, ಮಣಿಕಟ್ಟು ತಿರುಗುವುದಿಲ್ಲ, ಬೆಳಿಗ್ಗೆ ಹಾಸಿಗೆಯಿಂದ ಏಳಲಾಗುವುದಿಲ್ಲ, ತಸ್ಬೀಹ್ ಮಣಿ ಎಣಿಸಲು ಬೆರಳು ಮಡಚುವುದಿಲ್ಲ. ಸಜ್ದಾಕ್ಕೆ ಹೋದರೆ ಮೇಲೇಳಲು ಪಕ್ಕದವರ ಕೈ ಬೇಕು. ಡಾಕ್ಟರರು ಚಿಕುನ್‌ಗುನ್ಯಾ ಎಂದಿದ್ದಾರೆ. ಮನೆಯವರು ಮಾತ್ರ ಜ್ವರ ಹೋಯಿತಲ್ಲ, ಇನ್ನೇನು ಎನ್ನುತ್ತಾರೆ. ಬಯಾನ್‌ನಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಔಷಧದ ವಿಷಯದಲ್ಲಿ ಕೊನೆಯ ಮಾತು ನಿಮ್ಮನ್ನು ಪರೀಕ್ಷಿಸಿದ ವೈದ್ಯರದೇ.

ಮೊದಲು ಹೆಸರಿನ ವಿಷಯ. 1952-53ರಲ್ಲಿ ಆಗಿನ ಟಾಂಗನೀಕದಲ್ಲಿ, ಅಂದರೆ ಇಂದಿನ ಟಾಂಜಾನಿಯಾದಲ್ಲಿ, ಮಕೊಂಡೆ ಪ್ರದೇಶದ ಜನರಲ್ಲಿ ಈ ಜ್ವರವನ್ನು ವೈದ್ಯರು ಮೊದಲು ಗುರುತಿಸಿದರು. ಮಕೊಂಡೆ ಭಾಷೆಯಲ್ಲಿ ಈ ಪದಕ್ಕೆ ಬಾಗಿಸುವುದು, ಮುದುಡಿಸುವುದು ಎಂಬ ಅರ್ಥವಿದೆ. ನೋವಿನಿಂದ ಬಾಗಿ ನಡೆಯುವವರನ್ನು ನೋಡಿ ಇಟ್ಟ ಹೆಸರು. ಕೋಳಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಹೆಸರಿನಲ್ಲಿ 'ಚಿಕನ್' ಕೇಳಿಸಿತೆಂದು ಕೋಳಿ ಮಾಂಸ ಬಿಟ್ಟವರನ್ನು ನಾನೇ ಕಂಡಿದ್ದೇನೆ. ವಯಸ್ಸಾದವರು ಕಾಯಿಲೆಯಿಂದ ಎದ್ದಾಗ ಸ್ನಾಯು ಕರಗಿರುತ್ತದೆ. ಆಗ ಮೊಟ್ಟೆ, ಕೋಳಿ, ಮೀನು, ಬೇಳೆ ಹೆಚ್ಚು ಬೇಕೇ ಹೊರತು ಕಡಿಮೆಯಲ್ಲ. (ಕಿಡ್ನಿ ತೊಂದರೆ ಇರುವವರು ಮಾತ್ರ ಎಷ್ಟು ಎಂದು ವೈದ್ಯರನ್ನು ಕೇಳಬೇಕು.)

ನಮ್ಮ ದೇಶದಲ್ಲಿ 1963ರಲ್ಲಿ ಕಲ್ಕತ್ತಾದಲ್ಲಿ ಇದು ಕಾಣಿಸಿಕೊಂಡಿತು. 1973ರ ನಂತರ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡದಾಗಿ ಹಬ್ಬಲಿಲ್ಲ. 2005ರ ಕೊನೆಯಲ್ಲಿ ಮರಳಿ ಬಂದು, 2006ರಲ್ಲಿ ಇಡೀ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳು ದಾಖಲಾದಾಗ ಅವುಗಳಲ್ಲಿ ಏಳೂವರೆ ಲಕ್ಷದಷ್ಟು ನಮ್ಮ ಕರ್ನಾಟಕದವೇ ಆಗಿದ್ದವು. ತುಮಕೂರು, ಚಿತ್ರದುರ್ಗ, ದಾವಣಗೆರೆ, ಗುಲ್ಬರ್ಗಾ, ಬೀದರ್ ಕಡೆ ಮನೆಮನೆಯಲ್ಲಿ ಜನ ಮಲಗಿದ್ದನ್ನು ಆ ಕಾಲದವರು ಮರೆತಿರಲಾರರು. ಮಾಗಡಿ ರಸ್ತೆಯ ಎರಡೂ ಬದಿಯಲ್ಲಿ ಆ ಜಿಲ್ಲೆಗಳಿಂದ ಬಂದು ನೆಲೆಸಿದ ಕುಟುಂಬಗಳಿವೆ. ಊರಿನಲ್ಲಿ ಅಜ್ಜಿ ವರ್ಷವಿಡೀ ಗೋಡೆ ಹಿಡಿದು ನಡೆದರು ಎಂಬ ಮಾತು ಅವರಲ್ಲಿ ಇನ್ನೂ ಇದೆ. ಇಂದು ಆ ಅಜ್ಜಿಯ ಮಕ್ಕಳೇ ಅರವತ್ತು ದಾಟಿದ್ದಾರೆ.

ಕಾಯಿಲೆಯ ನಡೆ ಹೀಗಿರುತ್ತದೆ. ಸೋಂಕಿರುವ ಸೊಳ್ಳೆ ಕಚ್ಚಿದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ಮಣಿಕಟ್ಟು, ಬೆರಳು, ಹಿಮ್ಮಡಿಯ ಗಂಟು, ಮಂಡಿ ಎರಡೂ ಕಡೆ ನೋಯುತ್ತವೆ. ಕೆಲವರಿಗೆ ಮೈಮೇಲೆ ಕೆಂಪು ಗುಳ್ಳೆ ಏಳುತ್ತವೆ. ಜ್ವರ ವಾರದೊಳಗೆ ಇಳಿಯುತ್ತದೆ, ಹೆಚ್ಚಿನವರ ನೋವೂ ಕೆಲವು ವಾರಗಳಲ್ಲಿ ಹೋಗುತ್ತದೆ. ಒಂದು ಪಾಲು ಜನರಿಗೆ ಮಾತ್ರ ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ದಾಟಿಯೂ ಉಳಿಯುತ್ತದೆ. ವಯಸ್ಸಾದವರು, ಮೊದಲೇ ಮಂಡಿ ಸವೆತ ಅಥವಾ ಸಂಧಿವಾತ ಇದ್ದವರು, ಮೊದಲ ವಾರದಲ್ಲೇ ತುಂಬಾ ನೋವುಂಡವರು ಈ ಪಾಲಿನಲ್ಲಿ ಹೆಚ್ಚು. ರಕ್ತದಲ್ಲಿದ್ದ ವೈರಸ್ ಹೋದ ಮೇಲೂ ದೇಹದ ರಕ್ಷಣಾ ವ್ಯವಸ್ಥೆ ಗಂಟುಗಳಲ್ಲಿ ಹೋರಾಟ ನಿಲ್ಲಿಸಿರುವುದಿಲ್ಲ, ಊತ ಮುಂದುವರಿಯುತ್ತದೆ. ಥರ್ಮಾಮೀಟರ್ 98 ತೋರಿಸಿದರೂ ಅಬ್ಬಾಗೆ ನೋವಿರುವುದು ಸುಳ್ಳಲ್ಲ ಎಂಬುದನ್ನು ಮಕ್ಕಳು ಅರ್ಥಮಾಡಿಕೊಳ್ಳಬೇಕು.

ಇದು ಮುಟ್ಟಿದರೆ ಹರಡುವ ಕಾಯಿಲೆಯಲ್ಲ. ತಟ್ಟೆ, ಲೋಟ ಬೇರೆ ಇಡಬೇಕಿಲ್ಲ. ಮೊಮ್ಮಕ್ಕಳನ್ನು ದೂರ ಮಾಡಬೇಕಿಲ್ಲ. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಬಹುದು. ಜ್ವರವಿರುವ ಮೊದಲ ವಾರ ಮಾತ್ರ ರೋಗಿಯನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಆ ವಾರ ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಪಕ್ಕದ ಮನೆಯವರನ್ನು ಕಚ್ಚುತ್ತದೆ.

ಈಗ ನನಗೆ ಹೆಚ್ಚು ಆತಂಕವಿರುವ ವಿಷಯಕ್ಕೆ ಬರುತ್ತೇನೆ. ನಮ್ಮ ಹಿರಿಯರು ಮೆಡಿಕಲ್ ಶಾಪಿಗೆ ಹೋಗಿ "ನೋವಿಗೆ ಏನಾದರೂ ಕೊಡಿ" ಎನ್ನುತ್ತಾರೆ, ಕೊಟ್ಟದ್ದನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಹೊಸದಾಗಿ ಜ್ವರ ಬಂದ ದಿನಗಳಲ್ಲಿ ಅದು ಡೆಂಗಿಯೋ ಚಿಕುನ್‌ಗುನ್ಯಾವೋ ಎಂದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಎರಡನ್ನೂ ಹರಡುವುದು ಒಂದೇ ಸೊಳ್ಳೆ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಬಾರದು, ರಕ್ತಸ್ರಾವದ ಅಪಾಯವಿದೆ. ಹೃದಯಕ್ಕಾಗಿ ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ವೈದ್ಯರಿಗೆ ಆ ಮಾತನ್ನು ಹೇಳಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಅದಕ್ಕೂ ಮಿತಿಯಿದೆ. ಶೀತದ ಮಾತ್ರೆಯಲ್ಲೂ ನೋವಿನ ಮಾತ್ರೆಯಲ್ಲೂ ಅದೇ ಔಷಧ ಸೇರಿರುವುದರಿಂದ ಲೆಕ್ಕ ತಪ್ಪುತ್ತದೆ. ತಿನ್ನುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.

ಜ್ವರ ಹೋದ ಮೇಲೆ ಊತಕ್ಕೆ ವೈದ್ಯರು ನೋವಿನ ಮಾತ್ರೆ ಬರೆದುಕೊಡಬಹುದು. ಬಿಪಿ, ಸಕ್ಕರೆ, ಕಿಡ್ನಿ, ಹೃದಯದ ತೊಂದರೆ ಇರುವವರಿಗೆ ಅವೇ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಮಲ ಕಪ್ಪಾದರೆ, ಮೂತ್ರ ಕಡಿಮೆಯಾದರೆ, ಕಾಲು ಬಾತರೆ ಅಂದೇ ತೋರಿಸಿ. ಇನ್ನೊಂದಿದೆ: ಹೆಸರಿಲ್ಲದ ಪುಡಿ, ಬಿಳಿ ಪೊಟ್ಟಣದ ಮಾತ್ರೆ. ಮೂರು ತಿಂಗಳ ನೋವು ಒಂದೇ ರಾತ್ರಿಯಲ್ಲಿ ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಹೆಚ್ಚು. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ಮೂಳೆಯನ್ನು ತೆಳುಮಾಡುತ್ತದೆ, ಬಹಳ ದಿನ ತಿಂದು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೂ ಸಂಚಕಾರ. ತಜ್ಞ ವೈದ್ಯರು ಅಗತ್ಯವಿದ್ದಾಗ ಅಳೆದು ಕೊಡುವುದು ಬೇರೆ ಮಾತು. ಮೂರು ತಿಂಗಳಾದರೂ ಗಂಟುಗಳು ಬಾತೇ ಇದ್ದರೆ ಸಂಧಿರೋಗ ತಜ್ಞರನ್ನು ಕಾಣಬೇಕು. ಅವರ ಬಳಿ ಬೇರೆ ಔಷಧಗಳಿವೆ. ಆರಂಭದ ಪರೀಕ್ಷೆಗೆ ಹತ್ತಿರದ ನಮ್ಮ ಕ್ಲಿನಿಕ್ ಸಾಕು. ವಿಮೆಯಿದ್ದ ಕುಟುಂಬದವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ, ಉಳಿದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ದೂರವೇನಲ್ಲ.

ಜೇನು ಮತ್ತು ಕಲೋಂಜಿಯ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಎರಡಕ್ಕೂ ನಮ್ಮಲ್ಲಿ ಗೌರವದ ಸ್ಥಾನವಿದೆ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಸಂಜೆ ಎರಡೆರಡು ಚಮಚ ಜೇನು ಕುಡಿದು ಇನ್ಸುಲಿನ್ ಬಿಡುವುದು ಸುನ್ನತ್ ಅಲ್ಲ. ಚಿಕಿತ್ಸೆ ಪಡೆಯಬೇಕೇ ಎಂದು ಗ್ರಾಮೀಣರು ಕೇಳಿದಾಗ ಪ್ರವಾದಿ(ಸ)ರು ಪಡೆಯಿರಿ ಎಂದರು, ಅಲ್ಲಾಹನು ಪ್ರತಿ ರೋಗಕ್ಕೂ ಮದ್ದಿಟ್ಟಿದ್ದಾನೆ, ಮುಪ್ಪೊಂದಕ್ಕೆ ಬಿಟ್ಟು ಎಂದು ತಿಳಿಸಿದರು. ಈ ಹದೀಸನ್ನು ಹಲವರು ಅರ್ಧಕ್ಕೇ ಹಿಡಿದು "ವಯಸ್ಸಾಯಿತು, ಇನ್ನು ಮದ್ದೇಕೆ" ಎನ್ನುತ್ತಾರೆ. ಚಿಕುನ್‌ಗುನ್ಯಾ ಮುಪ್ಪಲ್ಲ, ರೋಗ. ಎಪ್ಪತ್ತರಲ್ಲಿ ಬಂದರೂ ರೋಗವೇ.

ಇನ್ನು ನಮಾಜ್. ಒಬ್ಬ ಹಿರಿಯರು ಎರಡು ತಿಂಗಳು ಮಸೀದಿಗೆ ಬರಲಿಲ್ಲ. ಕಾರಣ ಕೇಳಿದರೆ, ನಲವತ್ತು ವರ್ಷ ಮೊದಲ ಸಾಲಿನಲ್ಲಿ ನಿಂತವನು ಈಗ ಕುರ್ಚಿಯಲ್ಲಿ ಹೇಗೆ ಕೂರಲಿ ಎಂದರು. ಪ್ರವಾದಿ(ಸ)ರ ಕೊನೆಯ ಕಾಯಿಲೆಯನ್ನು ನೆನಪಿಸಿಕೊಳ್ಳಿ. ಇಬ್ಬರ ಹೆಗಲ ಮೇಲೆ ಕೈಯಿಟ್ಟು, ಪಾದ ನೆಲಕ್ಕೆ ಎಳೆಯುತ್ತಾ ಮಸೀದಿಗೆ ಬಂದು, ಅಬೂಬಕ್ಕರ್(ರ)ರ ಪಕ್ಕದಲ್ಲಿ ಕುಳಿತೇ ನಮಾಜ್ ಮಾಡಿದರು. ಇಮ್ರಾನ್ ಬಿನ್ ಹುಸೈನ್(ರ)ರು ತಮ್ಮ ಕಾಯಿಲೆಯ ಬಗ್ಗೆ ಕೇಳಿದಾಗ ನಿಂತು ಮಾಡಲು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡಲು ಹೇಳಿದ್ದು ಬುಖಾರಿಯಲ್ಲಿದೆ.

ಹನಫಿ ಫಿಕ್‌ಹ್‌ನಂತೆ, ಸಜ್ದಾ ಮಾಡಲು ಆಗದವರಿಗೆ ನಿಲ್ಲುವುದು ಕಡ್ಡಾಯವಲ್ಲ, ಕುಳಿತು ತಲೆಯ ಸನ್ನೆಯಿಂದ ಮಾಡಬಹುದು. ಕರಾವಳಿಯಿಂದ ಬಂದ ನಮ್ಮ ಶಾಫಿಈ ಸಹೋದರರು ನಿಲ್ಲಲು ಆಗುವಷ್ಟು ಹೊತ್ತು ನಿಂತು, ಆಗದ ಭಾಗಕ್ಕೆ ಕೂರಬೇಕು. ನೆಲದಲ್ಲಿ ಕೂರಲು ಆಗುವುದಾದರೆ ಅದೇ ಉತ್ತಮ. ರುಕೂಗಿಂತ ಸಜ್ದಾಕ್ಕೆ ತಲೆ ಸ್ವಲ್ಪ ಹೆಚ್ಚು ಬಾಗಲಿ, ಅಷ್ಟೇ. ಮುಂದೆ ಸ್ಟೂಲ್ ಇಟ್ಟು ಹಣೆ ಒತ್ತುವ ಅಗತ್ಯವಿಲ್ಲ. ಪೂರ್ತಿ ನಮಾಜ್ ಕುಳಿತು ಮಾಡುವವರು ಕುರ್ಚಿಯ ಹಿಂಗಾಲನ್ನು ಸಾಲಿನ ಗೆರೆಗೆ ಇಟ್ಟುಕೊಂಡರೆ ಹಿಂದಿನವರಿಗೆ ತೊಂದರೆಯಾಗದು. ಬೀಳುವ ಭಯವಿರುವವರು, ನಡೆದರೆ ಊತ ಹೆಚ್ಚುವವರು ಜುಮಾಕ್ಕೆ ಬರದಿದ್ದರೆ ಗುನಾಹ್ ಇಲ್ಲ, ಮನೆಯಲ್ಲಿ ಝುಹರ್ ಮಾಡಿಕೊಳ್ಳಲಿ. ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮದ ಪುಣ್ಯ ಕಾಯಿಲೆಯ ದಿನಗಳಲ್ಲೂ ಬರೆಯಲ್ಪಡುತ್ತದೆ ಎಂದು ಹದೀಸ್‌ನಲ್ಲಿದೆ. ಆ ನಲವತ್ತು ವರ್ಷದ ಮೊದಲ ಸಾಲು ಎಲ್ಲಿಗೂ ಹೋಗಿಲ್ಲ.

ವುಝೂಗೆ ಬಿಸಿನೀರು ಬಳಸಿ. ಬೆಳಗಿನ ಬಿಗಿತಕ್ಕೂ ಅದು ಒಳ್ಳೆಯದು. ಅಂಗಗಳನ್ನು ಒಂದೊಂದು ಸಲ ತೊಳೆದರೆ ಫರ್ಝ್ ನೆರವೇರುತ್ತದೆ, ನೋವಿನ ದಿನ ಮೂರು ಸಲಕ್ಕೆ ಹಟ ಬೇಡ. ನಲ್ಲಿ ತಿರುಗಿಸಲು ಕೈಯಿಲ್ಲದೆ, ಸಹಾಯಕ್ಕೂ ಯಾರೂ ಇಲ್ಲದಿದ್ದರೆ, ಅಥವಾ ನೀರಿನಿಂದ ಕಾಯಿಲೆ ಹೆಚ್ಚುವುದಾದರೆ ತಯಮ್ಮುಮ್ ಇದೆ. ಝುಹರನ್ನು ಅದರ ಸಮಯದ ಕೊನೆಗೆ, ಅಸರನ್ನು ಅದರ ಸಮಯದ ಆರಂಭಕ್ಕೆ ಮಾಡಿದರೆ ಒಂದೇ ವುಝೂನಲ್ಲಿ ಎರಡೂ ಆಗುತ್ತವೆ.

ರಮಝಾನ್‌ನಲ್ಲಿ ಮಾತ್ರೆ ಹೊತ್ತಿಗೆ ಸರಿಯಾಗಿ ಬೇಕಾದವರು, ನೀರು ಕಡಿಮೆಯಾದರೆ ಕಿಡ್ನಿಗೆ ಅಪಾಯವಿರುವವರು ಉಪವಾಸ ಬಿಟ್ಟು ಗುಣವಾದ ಮೇಲೆ ಕಝಾ ಮಾಡಬೇಕು. ಗುಣವಾಗುವ ಭರವಸೆ ಇರುವವರೆಗೆ ಫಿದ್‌ಯಾ ಕೊಟ್ಟು ಮುಗಿಸುವಂತಿಲ್ಲ. ಇನ್ನೆಂದೂ ಉಪವಾಸ ಸಾಧ್ಯವಿಲ್ಲ ಎಂಬಂಥ ವೃದ್ಧರು ದಿನಕ್ಕೊಬ್ಬ ಬಡವರ ಊಟದಂತೆ ಕೊಡಬೇಕು.

ವಿಶ್ರಾಂತಿ ಬೇಕು, ಆದರೆ ಜ್ವರ ಇಳಿದ ಮೇಲೂ ಹಾಸಿಗೆಯಲ್ಲೇ ಉಳಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ, ಕಾಲಿನ ಶಕ್ತಿ ಹೋಗುತ್ತದೆ. ಕೂತಲ್ಲೇ ಬೆರಳು ಮಡಚಿ ಬಿಡಿಸುವುದು, ಮಣಿಕಟ್ಟು, ಪಾದ ತಿರುಗಿಸುವುದು, ಮನೆಯೊಳಗೆ ಹತ್ತು ನಿಮಿಷ ನಡೆಯುವುದನ್ನು ದಿನಕ್ಕೆ ಮೂರು ನಾಲ್ಕು ಸಲ ಮಾಡಲಿ. ಇವತ್ತು ನೋವು ಕಡಿಮೆಯಿದೆಯೆಂದು ಒಂದೇ ದಿನದಲ್ಲಿ ಮನೆಯೆಲ್ಲ ಒರೆಸಿ ಮುಗಿಸುವ ಅಮ್ಮಿಯರು ಮರುದಿನ ಏಳಲಾರರು. ಕೆಲಸವನ್ನು ತುಂಡು ಮಾಡಿಕೊಳ್ಳಬೇಕು. ಊರುಗೋಲನ್ನು ಹೆಚ್ಚು ನೋಯುವ ಮಂಡಿಯ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಚ್ಚಲಲ್ಲಿ ಗೋಡೆಗೆ ಒಂದು ಹಿಡಿಕೆ, ಕೂರಲು ಎತ್ತರದ ಕಮೋಡ್ ಕುರ್ಚಿ, ರಾತ್ರಿ ಉರಿಯುವ ಸಣ್ಣ ಬಲ್ಬು ಇರಲಿ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯುವುದು ಚಿಕುನ್‌ಗುನ್ಯಾಗಿಂತ ದೊಡ್ಡ ಆಪತ್ತು.

ಸಹನೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಹಿರಿಯರಲ್ಲಿ, ಅದರಲ್ಲೂ ಹೆಂಗಸರಲ್ಲಿ ಒಂದು ನಂಬಿಕೆಯಿದೆ. ಪ್ರವಾದಿ ಅಯ್ಯೂಬ್(ಅ)ರು ತಮಗೆ ತಗುಲಿದ ಕಷ್ಟವನ್ನು ಅಲ್ಲಾಹನ ಮುಂದೆ ಹೇಳಿಕೊಂಡರು. ನಮ್ಮ ಪ್ರವಾದಿ(ಸ)ರು ತಲೆನೋವನ್ನು ಆಯಿಶಾ(ರ)ರ ಮುಂದೆ ಹೇಳಿಕೊಂಡಿದ್ದರು. ಜ್ವರವನ್ನು ಬೈಯಬೇಡಿ ಎಂದು ಉಮ್ಮು ಸಾಇಬ್(ರ)ರಿಗೆ ತಿಳಿಸಿದರು ನಿಜ. ಬೈಯುವುದು ಬೇರೆ, ಎಲ್ಲಿ ನೋಯುತ್ತಿದೆ ಎಂದು ಮಗಳಿಗೋ ವೈದ್ಯರಿಗೋ ಹೇಳುವುದು ಬೇರೆ. ನಿದ್ರೆ ಬಾರದೆ, ಊಟ ಸೇರದೆ, ಯಾರೊಡನೆಯೂ ಮಾತು ಬೇಡವೆನ್ನುವ ಸ್ಥಿತಿ ಎರಡು ವಾರ ದಾಟಿದರೆ ಅದನ್ನು ಈಮಾನಿನ ಕೊರತೆ ಎಂದು ಗದರಬೇಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ರೋಗಿಯನ್ನು ನೋಡಲು ಹೋಗುವವರು ಹತ್ತು ನಿಮಿಷದಲ್ಲಿ ಎದ್ದು ಬನ್ನಿ. ಬರುವ ಮೊದಲು ಅವರಿಗೆ ತೆರೆಯಲಾಗದ ಡಬ್ಬಿ, ಬಾಟಲಿಗಳ ಮುಚ್ಚಳ ಸಡಿಲಿಸಿಟ್ಟು ಬನ್ನಿ.

ಕೊನೆಯದಾಗಿ ನೀರಿನ ಡ್ರಮ್ಮುಗಳು. ಈ ಸೊಳ್ಳೆ ಚರಂಡಿಯದಲ್ಲ, ಮನೆಯ ತಿಳಿನೀರಿನದು. ಹಗಲಿನಲ್ಲಿ, ಹೆಚ್ಚಾಗಿ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಕಚ್ಚುತ್ತದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ನಮ್ಮ ರಸ್ತೆಗಳಲ್ಲಿ ಡ್ರಮ್, ಸಂಪು, ಸಿಂಟೆಕ್ಸ್ ಇಲ್ಲದ ಮನೆಯಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಖಾಲಿ ಮಾಡಬೇಕು. ಮೊಟ್ಟೆಗಳು ಒಣ ಗೋಡೆಗೆ ಅಂಟಿ ತಿಂಗಳುಗಟ್ಟಲೆ ಬದುಕುವುದರಿಂದ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಬೇಕು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದಾಗ ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಇಟ್ಟಿತು. ಮಸೀದಿಗಳಿಗೂ ಇದು ಅನ್ವಯಿಸುತ್ತದೆ. ಹೌಝ್‌ನಲ್ಲಿ ಗಪ್ಪಿ ಮೀನು ಬಿಟ್ಟರೆ ಮರಿಹುಳುಗಳನ್ನು ತಿನ್ನುತ್ತವೆ. ಮಾಳಿಗೆಯ ಮುರಿದ ಬಕೆಟ್, ಕೂಲರ್ ತಟ್ಟೆ, ಹಳೆಯ ಬದ್‌ನಾಗಳನ್ನು ಯುವಕರು ಪ್ರತಿ ಶುಕ್ರವಾರ ಜುಮಾದ ಸಿದ್ಧತೆಗೆ ಬಂದಾಗ ಮಗುಚಿ ಹಾಕಲಿ. ಹಿರಿಯರು ಮೆಟ್ಟಿಲು ಹತ್ತುವುದು ಬೇಡ, ಎಲ್ಲಿ ಏನಿದೆ ಎಂದು ಕೆಳಗಿನಿಂದ ಹೇಳಿದರೆ ಸಾಕು.