ತೋಟಕ್ಕೆ ನಾಯಿ ಸಾಕೇ, ವಿದ್ಯುತ್ ಬೇಲಿ ಬೇಕೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕೊಳವೆ ಬಾವಿಯನ್ನು ನಂಬಿ ಅಡಿಕೆ ಸಸಿ ನೆಟ್ಟ ಬೆಳೆಗಾರ ಬಂಧುಗಳಿಗೆ ಕಾಡುಹಂದಿಯ ಉಪದ್ರವವನ್ನು ನಾವು ಬಣ್ಣಿಸಬೇಕಾಗಿಲ್ಲ. ಎರೆಹುಳುವಿನ ಆಸೆಗೆ ಬುಡ ಕೆದಕಿ, ಎರಡು ವರ್ಷ ಸಾಕಿದ ಸಸಿಯನ್ನು ಒಂದೇ ರಾತ್ರಿ ಉರುಳಿಸಿ ಹೋಗುತ್ತದೆ. ನಾಯಿ ಬೊಗಳಿ ಎಚ್ಚರಿಸೀತು, ನಿಜ. ಆದರೆ ಚಿರತೆ ಓಡಾಡುವ ಗುಡ್ಡದ ಸೆರಗಿನಲ್ಲಿ ರಾತ್ರಿ ಕಟ್ಟಿಹಾಕಿದ ನಾಯಿ ಬೆಳಗಾಗುವಷ್ಟರಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಆದುದರಿಂದಲೇ ಸೋಲಾರ್ ಬೇಲಿಯ ಮಾತು ಬರುತ್ತದೆ.

ಬೇಲಿಗೆ ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ಕರೆಂಟು ಕೊಡುವುದು ಬೇಲಿಯಲ್ಲ, ಕೊಲೆಯ ಬಲೆ. 230 ವೋಲ್ಟಿನ ಕರೆಂಟು ಎಡೆಬಿಡದೆ ಹರಿದು ಸ್ನಾಯುಗಳನ್ನು ಬಿಗಿಯುವುದರಿಂದ ಹಿಡಿದ ಕೈ ಬಿಡಲಾಗುವುದಿಲ್ಲ. ರಾತ್ರಿ ತ್ರೀಫೇಸ್ ಬಂದಾಗ ಮೋಟಾರು ಹಾಕಲು ಕತ್ತಲಲ್ಲಿ ಬರುವವನು ಹಂದಿಯಲ್ಲ, ನೆರೆಯವನು. ಕೆಲವೊಮ್ಮೆ ನಮ್ಮ ಮಗನೇ. 2003ರ ವಿದ್ಯುತ್ ಕಾಯಿದೆಯಂತೆ ಕಳ್ಳ ಸಂಪರ್ಕ ಅಪರಾಧ. ಮೈದನಹಳ್ಳಿಯ ಕೃಷ್ಣಮೃಗವೋ ತಿಮ್ಲಾಪುರದ ಕಾಡಿನ ಕರಡಿಯೋ ಸತ್ತರೆ 1972ರ ವನ್ಯಜೀವಿ ಕಾಯಿದೆಯೂ ಸೇರಿಕೊಳ್ಳುತ್ತದೆ.

ಸೋಲಾರ್ ಬೇಲಿಯ ರೀತಿಯೇ ಬೇರೆ. 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಎನರ್ಜೈಸರ್ ಯಂತ್ರವು ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಮಿಡಿತವನ್ನು ತಂತಿಗೆ ಬಿಡುತ್ತದೆ. ಮಿಡಿತ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕದಾದ್ದರಿಂದ ಏಟು ಜೋರು, ಪ್ರಾಣಾಪಾಯ ಕಡಿಮೆ. ಆದರೆ ಇದ್ದ ಮುಳ್ಳುತಂತಿಗೇ ಯಂತ್ರ ಜೋಡಿಸಕೂಡದು. ಸಿಕ್ಕಿಕೊಂಡವರಿಗೆ ಮೇಲಿಂದ ಮೇಲೆ ಏಟು ಬೀಳುತ್ತದೆ.

ನಮ್ಮ ಸೀಮೆಗೆ ಮುಖ್ಯವಾದುದು ಅರ್ತಿಂಗ್. ಏಟು ತಗಲಬೇಕಾದರೆ ಮಿಡಿತವು ಪ್ರಾಣಿಯ ಕಾಲಿನಿಂದ ನೆಲಕ್ಕಿಳಿದು ಯಂತ್ರಕ್ಕೆ ಮರಳಬೇಕು. ಪಾವಗಡ, ಶಿರಾ ಕಡೆಯ ಬೇಸಗೆಯ ಒಣ ನೆಲ ಅದಕ್ಕೆ ದಾರಿ ಕೊಡುವುದಿಲ್ಲ. ಆಗ ಹಂದಿ ತಂತಿ ಮುಟ್ಟಿಯೂ ನುಗ್ಗುತ್ತದೆ, ನಾವು ಯಂತ್ರವನ್ನು ಬೈಯುತ್ತೇವೆ! ನೀರಿನ ತೊಟ್ಟಿಯ ಬಳಿ, ತೇವ ಆರದ ಜಾಗದಲ್ಲಿ ಮೂರು ಸರಳುಗಳನ್ನು ಬಿಡಿಬಿಡಿಯಾಗಿ ಆಳಕ್ಕೆ ಹೊಡೆಯಬೇಕು. ಒಂದು ತಂತಿ ಬಿಟ್ಟು ಒಂದನ್ನು ಅರ್ತ್ ತಂತಿಯಾಗಿ ಎಳೆದರೆ ಇನ್ನೂ ಮೇಲು. ಕೆಳಗಿನ ತಂತಿ ನೆಲದಿಂದ ಒಂದು ಗೇಣಿನಷ್ಟೇ ಎತ್ತರವಿರಲಿ. ಬಿರುಗೂದಲಿನ ಮೈಗಿಂತ ಮೂತಿಗೆ ತಗಲಿದ ಏಟು ಹಂದಿಗೆ ನೆನಪಿರುತ್ತದೆ.

ಬಿದ್ದ ಸೋಗೆ, ಹಬ್ಬಿದ ಬಳ್ಳಿ, ಮಳೆಗಾಲದ ಹುಲ್ಲು, ಇವು ತಂತಿಗೆ ತಾಗಿದರೆ ಕರೆಂಟು ಅಲ್ಲೇ ಸೋರಿಹೋಗುತ್ತದೆ. ದಿನಕ್ಕೊಮ್ಮೆ ಬೇಲಿಯ ಸುತ್ತ ನಡೆಯಲು ಆಳಿಲ್ಲದವರು ಹಣ ಹಾಕದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಕೋತಿ, ನವಿಲುಗಳಿಗೆ ಈ ಬೇಲಿ ಲೆಕ್ಕಕ್ಕಿಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ಆನೆಗಳು ಮರ ಕೆಡವಿ ತಂತಿ ತುಳಿದು ದಾಟುವುದುಂಟು.

ಬೇಲಿ ಬಂದರೂ ನಾಯಿ ಬೇಕು. ಹಂದಿ ಎಲ್ಲಿ ನುಗ್ಗಿತೆಂದು ತಿಳಿಸುವುದು ಅದೇ. ಆದರೆ ಹಂದಿಯನ್ನು ಅಟ್ಟುವ ಭರದಲ್ಲಿ ಒಮ್ಮೆ ಏಟು ತಿಂದ ನಾಯಿ ಆ ಮೂಲೆಗೆ ಮತ್ತೆ ಹೋಗದಿರಬಹುದು. ಆದ್ದರಿಂದ ಮೊದಲ ದಿನಗಳಲ್ಲಿ ಹಗಲು ಹೊತ್ತಿನಲ್ಲೇ ಹಗ್ಗ ಹಿಡಿದು ಬೇಲಿಯ ಉದ್ದಕ್ಕೂ ನಡೆಸಿ, ತಂತಿಯನ್ನು ಗುರುತು ಮಾಡಿಸಿ. ಮರಿಗಳನ್ನು ಒಳಗೆ ಕೂಡಿಹಾಕಿ.

ಕೊಳ್ಳುವ ಮೊದಲು ಸಹಾಯಧನವಿದೆಯೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ದಾರಿಯ ಬದಿಗೆ ಕನ್ನಡದಲ್ಲಿ ಎಚ್ಚರಿಕೆಯ ಫಲಕ ಹಾಕಿ. ಸ್ವಿಚ್ ಎಲ್ಲಿದೆಯೆಂಬುದು ಮನೆಯ ಹೆಂಗಸರಿಗೂ, ಕೂಲಿಯಾಳುಗಳಿಗೂ, ಪಕ್ಕದ ತೋಟದವರಿಗೂ ತಿಳಿದಿರಲಿ.