ಮಾರಿಷಸ್ ಪ್ರಧಾನಿಗಳಿಗೆ ಭಾರತದ ಹೆಸರೇಕೆ?

ಪ್ರಶ್ನೆ: ಮಾರಿಷಸ್ ಇರುವುದು ಆಫ್ರಿಕಾದ ಬಳಿ. ಅಲ್ಲಿನ ಪ್ರಧಾನಿಗಳಿಗೆ ರಾಮಗುಲಾಮ್, ಜಗನ್ನಾಥ್ ಎಂಬ ಹೆಸರುಗಳೇಕೆ?

ಉತ್ತರ: ಕಾರಣ, ಕಬ್ಬಿನ ತೋಟಗಳು. ಮಾರಿಷಸ್‌ಗೆ ಮೂಲನಿವಾಸಿಗಳೇ ಇಲ್ಲ; ಎಲ್ಲರೂ ವಲಸೆ ಬಂದವರ ಇಲ್ಲವೇ ಎಳೆತಂದವರ ಸಂತತಿ. ಫ್ರೆಂಚರು ಆಫ್ರಿಕಾ, ಮಡಗಾಸ್ಕರ್‌ಗಳಿಂದ ಗುಲಾಮರನ್ನು ತಂದು ದುಡಿಸಿದರು. 1810ರಲ್ಲಿ ದ್ವೀಪ ಬ್ರಿಟಿಷರ ವಶವಾಯಿತು. 1835ರಲ್ಲಿ ಗುಲಾಮಗಿರಿ ರದ್ದಾದಾಗ ಪರಿಹಾರ ಸಿಕ್ಕಿದ್ದು ಧಣಿಗಳಿಗೆ. ಗುಲಾಮರಾಗಿದ್ದವರಿಗೆ ಬಿಡಿಗಾಸೂ ಇಲ್ಲ. ಇದು ಕ್ಷಮಿಸಲಾಗದ ಅನ್ಯಾಯ.

ತೋಟಗಳಿಗೆ ಆಳು ಬೇಕಿತ್ತು. 1834ರಲ್ಲೇ ಕಲ್ಕತ್ತೆಯಿಂದ ‘ಅಟ್ಲಾಸ್’ ಹಡಗಿನಲ್ಲಿ ಕರಾರು ಕೂಲಿಗಳು ಬಂದಿಳಿದಿದ್ದರು. ಮುಂದೆ ಬಂದವರು ಸುಮಾರು ನಾಲ್ಕೂವರೆ ಲಕ್ಷ ಜನ. ಭೋಜಪುರಿ ಸೀಮೆಯವರೇ ಹೆಚ್ಚು. ತಮಿಳರು, ತೆಲುಗರು, ಮರಾಠಿಗರೂ ಇದ್ದರು. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಕಡಿತ! ಅಂಥ ಬಾಳಿನಲ್ಲೂ ದುಡ್ಡು ಕೂಡಿಟ್ಟು ಹಲವರು ತುಂಡು ಭೂಮಿ ಕೊಂಡರು, ಮಕ್ಕಳನ್ನು ಓದಿಸಿದರು. 1901ರಲ್ಲಿ ಅಲ್ಲಿ ತಂಗಿದ್ದ ಗಾಂಧೀಜಿ ಕೂಡ ಶಿಕ್ಷಣ, ರಾಜಕೀಯ ಎರಡನ್ನೂ ಕೈಗೆತ್ತಿಕೊಳ್ಳಿ ಎಂದೇ ಹೇಳಿದ್ದರು. 1968ರ ಮಾರ್ಚ್ 12ರಂದು ದೇಶ ಸ್ವತಂತ್ರವಾದಾಗ ಪ್ರಧಾನಿಯಾದ ಶಿವಸಾಗರ ರಾಮಗುಲಾಮ್, ಬಿಹಾರದಿಂದ ಬಂದ ಕೂಲಿಯೊಬ್ಬರ ಮಗ.

ಇಂದು ಅಲ್ಲಿ ಮೂರರಲ್ಲಿ ಎರಡು ಪಾಲು ಜನ ಭಾರತೀಯ ಮೂಲದವರು. ಆದರೆ ಬೀದಿಯಲ್ಲಿ ಎಲ್ಲರ ಮಾತು ಗುಲಾಮರ ನಡುವೆ ಹುಟ್ಟಿದ ಕ್ರಿಯೋಲ್. ನನಗೆ ಬಹಳ ಹಿಡಿಸುವ ಸಂಗತಿಯಿದು. ರಾಜಧಾನಿ ಪೋರ್ಟ್ ಲೂಯಿಗೆ ಹೋದರೆ, ಕೂಲಿಗಳು ಬಂದಿಳಿದ ಆಪ್ರವಾಸಿ ಘಾಟನ್ನು ನೋಡದೆ ಬರಬೇಡಿ.