ರನ್ನನ ದುರ್ಯೋಧನನೂ ವ್ಯಸನದ ಮರುಕಳಿಕೆಯೂ

ತೊರೆದ ದುರಭ್ಯಾಸಕ್ಕೆ ಮನುಷ್ಯನು ಮರಳಿ ವಶನಾಗುವುದೂ, ಯುದ್ಧದಿಂದ ಬಳಲಿದ ಜನಾಂಗವು ಮರಳಿ ಯುದ್ಧಕ್ಕಿಳಿಯುವುದೂ ಭಿನ್ನವಿಷಯಗಳೆಂದು ತೋರಬಹುದು. ಆದರೆ ಶಾಸ್ತ್ರಕಾರರು ಇವೆರಡರ ಮೂಲವನ್ನೂ ‘ವ್ಯಸನ’ವೆಂಬ ಒಂದೇ ಪದದಲ್ಲಿ ಅಡಗಿಸಿರುವರು. ಮನುಸ್ಮೃತಿಯ 7ನೆಯ ಅಧ್ಯಾಯದಲ್ಲಿ ಕಾಮಜವ್ಯಸನಗಳು 10, ಕ್ರೋಧಜವ್ಯಸನಗಳು 8 ಎಂದು ಎಣಿಸಲ್ಪಟ್ಟಿವೆ. ದ್ಯೂತವು ಮೊದಲನೆಯ ವರ್ಗಕ್ಕೂ, ದ್ರೋಹ ಈರ್ಷ್ಯೆ ದಂಡಪಾರುಷ್ಯಗಳು ಎರಡನೆಯದಕ್ಕೂ ಸೇರುವುವು. ಈ ಏಕನಾಮದ ಔಚಿತ್ಯವನ್ನು ಮುದುವೊಳಲಿನಲ್ಲಿ, ಎಂದರೆ ಈಗಿನ ಮುಧೋಳದಲ್ಲಿ, 949ರಲ್ಲಿ ಜನಿಸಿದ ರನ್ನಕವಿಯ ಗದಾಯುದ್ಧವು ಚೆನ್ನಾಗಿ ತೋರಿಸಿಕೊಡುವುದು.

ಮೊದಲು ದ್ಯೂತವನ್ನು ನೋಡಬಹುದು. ಋಗ್ವೇದದ 10ನೆಯ ಮಂಡಲದ 34ನೆಯ ಸೂಕ್ತದಲ್ಲಿ ಜೂಜುಗಾರನು ಇನ್ನು ಆಡೆನೆಂದು ನಿಶ್ಚಯಿಸಿಯೂ, ದಾಳಗಳ ಸದ್ದು ಕಿವಿಗೆ ಬಿದ್ದೊಡನೆ ಸಭೆಗೆ ಧಾವಿಸುವನು. ಭಾರತದ ಸಭಾಪರ್ವದಲ್ಲಿ ಧರ್ಮರಾಯನು ಸೋತುದೆಲ್ಲವನ್ನೂ ಮರಳಿ ಪಡೆದು ಊರಿಗೆ ಹೊರಟವನು, ನಡುದಾರಿಯಲ್ಲಿ ಕರೆ ಬರಲು ಹಿಂದಿರುಗಿ ಅನುದ್ಯೂತವನ್ನಾಡಿ, 12 ವರ್ಷ ವನವಾಸಕ್ಕೂ 1 ವರ್ಷ ಅಜ್ಞಾತವಾಸಕ್ಕೂ ಗುರಿಯಾಗುವನು. ಹಿರಿಯರ ಆಜ್ಞೆಯನ್ನು ಮೀರಬಾರದೆಂಬುದು ಅವನು ಕೊಡುವ ಕಾರಣ. ಮರುಕಳಿಸುವ ವ್ಯಸನವು ಧರ್ಮದ ವೇಷವನ್ನೂ ಧರಿಸಬಲ್ಲುದೆಂಬುದು ಇದರಿಂದ ವಿದಿತವಾಗುವುದು.

ರನ್ನನ ದುರ್ಯೋಧನನ ಸ್ಥಿತಿಯೂ ಇದಕ್ಕೆ ಸಮಾನವಾದುದೇ. ಧೃತರಾಷ್ಟ್ರ ಗಾಂಧಾರಿಯರು ಸಂಧಿಯನ್ನು ಬೇಡುವರು, ಅವನು ಒಪ್ಪನು. ರಣಭೂಮಿಯಲ್ಲಿ ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣರ ಕಳೇಬರಗಳನ್ನು ಕಂಡು ಅವನ ಹೃದಯವು ಕರಗುವುದು. ಆದರೂ ಶರಶಯ್ಯೆಯ ಭೀಷ್ಮನು ಸಂಧಿಯ ಮಾತೆತ್ತಿದೊಡನೆ ಮನಸ್ಸು ಹಿಂದಿನ ಜಾಡಿಗೇ ಹೊರಳುವುದು. ಕಡೆಗೆ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾಗ, ಭೀಮನ ಗರ್ಜನೆಯೊಂದೇ ಅವನನ್ನು ನೀರಿನಿಂದ ಹೊರಕ್ಕೆಳೆಯುವುದು. ಜೂಜುಗಾರನಿಗೆ ದಾಳದ ಸದ್ದು ಹೇಗೋ ವೈರಿಗೆ ಈ ಧ್ವನಿಯೂ ಹಾಗೆಯೇ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಎಂಬುದು ದುರ್ಯೋಧನನ ನಿಲುವು. ಜೂಜುಗಾರನೂ ಕಡೆಕಡೆಗೆ ಹಣಕ್ಕಾಗಿ ಆಡದೆ ಆಟಕ್ಕಾಗಿಯೇ ಆಡುವನು. ಆದುದರಿಂದಲೇ ಹಿರಿಯರ ಹಿತವಚನವು ನಿಷ್ಫಲವಾಯಿತು. ಅವರು ಉಳಿಸಿಕೊಡಲೆಳಸಿದುದು ರಾಜ್ಯವನ್ನು, ಅವನನ್ನು ಹಿಡಿದಿದ್ದುದು ಬೇರೊಂದು.

ಆಧುನಿಕ ವೈದ್ಯವೂ ಇಂದು ಈ ದಾರಿಗೇ ಬಂದಿದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ, ಮಾದಕದ್ರವ್ಯದ ಸೋಂಕಿಲ್ಲದ ಜೂಜಿನ ವ್ಯಸನವೂ ಮದ್ಯವ್ಯಸನದ ಪಕ್ಕದಲ್ಲಿಯೇ ಸ್ಥಾನ ಪಡೆದಿದೆ. ಜನಾಂಗಗಳ ವಿಷಯದಲ್ಲಿಯೂ, 1918ರಲ್ಲಿ ನಿಂತ ಯುರೋಪಿನ ಮಹಾಯುದ್ಧವು 21 ವರ್ಷ ತುಂಬುವುದರೊಳಗಾಗಿ, 1939ರಲ್ಲಿ, ಮರುಕಳಿಸಿತು. ಒಪ್ಪಂದವು ಗಡಿಗಳನ್ನು ಗೊತ್ತುಮಾಡಿತ್ತು, ಛಲವನ್ನು ಶಮನಗೊಳಿಸಿರಲಿಲ್ಲ.

ದುರ್ಯೋಧನನ ಛಲವನ್ನು ಬರಿಯ ಗುಣವೆಂದು ಕೊಂಡಾಡಿ ಪಾಠಹೇಳುವ ರೂಢಿಯುಂಟು. ಆ ಛಲವು ಅವನ ಮಹಿಮೆಯೂ ಹೌದು, ಅವನ ವ್ಯಸನವೂ ಹೌದು. ಈ ಎರಡನ್ನೂ ಒಟ್ಟಿಗೆ ಕಂಡಾಗಲೇ ರನ್ನನ ಕಾವ್ಯದ ಕರುಣರಸವು ವಿದ್ಯಾರ್ಥಿಗೆ ಪೂರ್ಣವಾಗಿ ದಕ್ಕುವುದು.